ಮೆಲ್ಲಗೆ ಹೊಡೆಯಬೇಡ

"ನೀವು ಹೆಣ್ಣು ಅಂತ ನಾವು ಹೇಗೆ ನಂಬೋದು?"

ಮೇಜಿನಾಚೆ ಕೂತಿದ್ದ ಕಿರಿಯ ವಕೀಲ ಕೇಳಿದ. ಮೊದಲ ಭೇಟಿ. ಕೂರಿಸಿ, ನೀರು ಕೊಟ್ಟು, ಎರಡನೆಯ ಮಾತಿಗೇ ಇದು.

ರಿಂಗಿನಲ್ಲಿ ಯಾರ ಪೆಟ್ಟಿಗೂ ಕಣ್ಣು ಮುಚ್ಚದ ಬಾಕ್ಸರ್ ಅವಳು. ಈಗ ರೆಪ್ಪೆ ಅದುರಿತು.

"ಏನಂದ್ರಿ?"

"ಆ ದವಡೆ, ಆ ಭುಜ... ನಾಯಕರು ಬರೆದದ್ದರಲ್ಲಿ ತಪ್ಪೇನಿದೆ?"

ಅವಳು ಪದಕ ಗೆದ್ದ ಫೋಟೋ ಹಾಕಿ, 'ಈ ಗಂಡಸನ್ನು ಹೆಂಗಸರ ರಿಂಗಿಗೆ ಬಿಟ್ಟವರು ಯಾರು?' ಎಂದು ಬರೆದಿದ್ದ ಆ ರಾಜಕೀಯ ನಾಯಕನಿಗೆ ಲಕ್ಷಾಂತರ ಹಿಂಬಾಲಕರು. ಅಂದಿನಿಂದ ಅವಳ ಫೋನಿನ ತುಂಬ ಹೊಲಸು. ಧೈರ್ಯ ಮಾಡಿ ಮಾನನಷ್ಟ ದಾವೆ ಹೂಡಿದರೆ, ಸೋಮವಾರ ಸಾಕ್ಷಿ ಹೇಳಬೇಕಾದ ಹೊತ್ತಿಗೆ, ಹಿರಿಯ ವಕೀಲೆ ಈಗಷ್ಟೇ ಕೇಸು ಒಪ್ಪಿಸಿದ ತನ್ನ ವಕೀಲನೇ...

ಕುರ್ಚಿ ಹಿಂದಕ್ಕೆ ಸರಿಯಿತು.

"ಕೇಸೇ ಬೇಡ. ಗೆದ್ರಿ ಅಂತ ನಿಮ್ಮ ನಾಯಕರಿಗೆ ಹೇಳಿ."

"ಒಂದು ನಿಮಿಷ, ಇದು ಬರೀ..."

ಬಾಗಿಲು ಮುಚ್ಚಿತ್ತು.

"ಒಳ್ಳೇದೇ ಆಯ್ತು ಬಿಡೇ. ದೊಡ್ಡೋರ ಸಹವಾಸ ನಮಗ್ಯಾಕೆ?" ಎಂದರು ಅಮ್ಮ, ರಾತ್ರಿ ಊಟ ಬಡಿಸುತ್ತ.

ತಂಗಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹಾಗಾದ್ರೆ ಅವನು ಬರೆದಿದ್ದೇ ನಿಜ ಅಂತಾಯ್ತಲ್ಲ ಅಕ್ಕಾ? ಕಾಲೇಜಲ್ಲಿ ನಾನೇನು ಹೇಳ್ಲಿ?"

ಅವಳು ತಟ್ಟೆ ಸರಿಸಿ ಎದ್ದಳು. ವಕೀಲನ ಕರೆಗಳು ಬರುತ್ತಲೇ ಇದ್ದವು. ಒಂದನ್ನೂ ಎತ್ತಲಿಲ್ಲ.

ಮರುದಿನ ಅಭ್ಯಾಸ. ಎದುರಿಗೆ ನಿಂತ ಗೆಳತಿಯ ಗ್ಲೌಸು ಅವಳ ಕೆನ್ನೆಯ ಹತ್ತಿರ ಬಂದು ಬಂದು ನಿಲ್ಲುತ್ತಿತ್ತು.

"ಯಾಕೇ ಮೆಲ್ಲಗೆ ಹೊಡೀತೀಯ?"

"ನಿಂಗೆ ಈಗಾಗ್ಲೇ ಸಾಕಷ್ಟು ಪೆಟ್ಟು ಬಿದ್ದಿದೆಯಲ್ಲೇ..."

"ಇಲ್ಲಿ ನೀನು ಕನಿಕರ ತೋರಿಸಿದ್ರೆ ಪಂದ್ಯದಲ್ಲಿ ನಾನು ಮಲಗ್ತೀನಿ. ನನ್ನ ಕಡೆಯವಳಾದ್ರೆ ಜೋರಾಗಿ ಹೊಡಿ."

ಮಾತು ಮುಗಿಯುವಷ್ಟರಲ್ಲಿ ಅವಳ ಕೈಗಳು ತಾವಾಗಿ ಕೆಳಗಿಳಿದವು.

ಆ ಪ್ರಶ್ನೆ ಕೇಳುವಾಗ ವಕೀಲ ತನ್ನ ಮುಖ ನೋಡಿರಲಿಲ್ಲ. ಅವನ ಬೆರಳ ನಡುವೆ ಪೆನ್ನು ನಡುಗುತ್ತಿತ್ತು. ಅದನ್ನು ಕಂಡೂ ತಾನು ಕಂಡಿರಲಿಲ್ಲ...

ಕೈಗೆ ಸುತ್ತಿದ ಪಟ್ಟಿ ಬಿಚ್ಚದೆಯೇ ಅವನ ಕಚೇರಿಗೆ ಬಂದಳು.

"ಮತ್ತೆ ಕೇಳಿ. ಜೋರಾಗಿ."

ಅವನು ಎದ್ದು ನಿಂತ. "ಕೋರ್ಟಲ್ಲಿ ಅವರು ಕೇಳೋದನ್ನೇ ಅಭ್ಯಾಸಕ್ಕೆ ಕೇಳ್ತೀನಿ ಅಂತ ಮೊದಲೇ ಹೇಳ್ಬೇಕಿತ್ತು. ಹೇಳಿದ್ರೆ ನೀವು ಗಟ್ಟಿಯಾಗಿಬಿಡ್ತೀರಿ, ನೋವೆಲ್ಲಿ ಅಂತ ಗೊತ್ತಾಗಲ್ಲ ಅಂದ್ಕೊಂಡೆ. ತಪ್ಪಾಯ್ತು."

"ರಿಂಗಲ್ಲಿ ಗಂಟೆ ಹೊಡೆದೇ ಹೊಡೆದಾಟ ಶುರು ಮಾಡೋದು ಸಾರ್. ಗಂಟೆಗೆ ಮುಂಚೆ ಹೊಡೆದ್ರೆ ಮೋಸ."

ಅವನು ಪೆನ್ನಿನಿಂದ ನೀರಿನ ಲೋಟಕ್ಕೆ ತಟ್ಟಿದ. ಟಣ್.

"ನೀವು ಹೆಣ್ಣು ಅಂತ..."

ಕತ್ತಲಾಗುವವರೆಗೂ ಲೋಟ ಸದ್ದು ಮಾಡುತ್ತಲೇ ಇತ್ತು. ಅವಳು ಎರಡು ಸಲ ಅತ್ತಳು. ಮೂರನೆಯ ಸಲ ಅಳಲಿಲ್ಲ.

ಸೋಮವಾರ ನಾಯಕನ ವಕೀಲರು ಎದ್ದು, ಕೋಟು ಸರಿಪಡಿಸಿಕೊಂಡು, ನಸುನಕ್ಕು ಕೇಳಿದ್ದು ಅದೇ ಪ್ರಶ್ನೆ.

ಸಾಕ್ಷಿಕಟ್ಟೆಯಿಂದ ಅವಳ ಕಣ್ಣು ಕೆಳಗೆ ತನ್ನ ವಕೀಲನ ಮೇಜಿನತ್ತ ಹೋಯಿತು. ಅಲ್ಲಿ ಒಂದು ಪೆನ್ನು, ಯಾರಿಗೂ ಕೇಳಿಸದಂತೆ, ಮರಕ್ಕೆ ಒಮ್ಮೆ ತಾಗಿತು.

"ನಾನು ಹುಟ್ಟಿದ್ದೇ ಹೆಣ್ಣಾಗಿ ಸಾರ್. ನನ್ನ ಕೈಲಿ ಸೋತ ಹುಡುಗೀರು ಯಾರೂ ಇದನ್ನ ಕೇಳಲಿಲ್ಲ. ನನ್ನೆದುರು ಒಂದು ಸಲವೂ ನಿಲ್ಲದವರು ಕೇಳ್ತಿದಾರೆ."

ವಕೀಲರ ನಗು ಮಾಯವಾಯಿತು. ನಾಯಕ ಬರೆದದ್ದನ್ನೆಲ್ಲ ಕೂಡಲೇ ತೆಗೆಯಬೇಕು, ದಾವೆ ಮುಗಿಯುವವರೆಗೆ ಅವಳ ಬಗ್ಗೆ ಒಂದಕ್ಷರವನ್ನೂ ಬರೆಯಕೂಡದು ಎಂದು ಸಂಜೆಗೆ ಆದೇಶವಾಯಿತು.

ಹೊರಗೆ ಮೆಟ್ಟಿಲ ಬಳಿ ಕಿರಿಯ ವಕೀಲ ಒಬ್ಬನೇ ನಿಂತಿದ್ದ.

"ನಾಳೆಯಿಂದ ನಿಮ್ಮ ಕೇಸು ನಮ್ಮ ಹಿರಿಯ ಮೇಡಂ ನೋಡ್ಕೋತಾರೆ."

ಇಳಿಯುತ್ತಿದ್ದವಳು ಅಲ್ಲೇ ನಿಂತಳು. "ಯಾಕೆ? ನಾನೇನಾದ್ರೂ ತಪ್ಪು ಹೇಳಿದ್ನಾ?"

"ಇಲ್ಲ. ವಕೀಲ ತನ್ನ ಕಕ್ಷಿದಾರರನ್ನ ಕೇಳಬಾರದ, ಮನಸ್ಸಿನ ಒಂದು ಪ್ರಶ್ನೆ ನನ್ನ ಹತ್ರ ಉಳಿದುಬಿಟ್ಟಿದೆ."

ಅವನು ಪೆನ್ನು ತೆಗೆದು ಮೆಟ್ಟಿಲ ಕಂಬಿಗೆ ತಟ್ಟಿದ. ಟಣ್.

ಪೆನ್ನು ಆವತ್ತಿನಂತೆಯೇ ನಡುಗುತ್ತಿತ್ತು. ಅವಳು ಅದರ ಮೇಲೆ ಕೈಯಿಟ್ಟಳು.

"ಕೇಳಿ," ಎಂದಳು. "ಈ ಸಲ ಮಾತ್ರ, ಮೆಲ್ಲಗೆ."