ಹೆಬ್ಬಾಗಿಲ ಆಮೆ ಹೊತ್ತ ಮುಖಗಳು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರದ ಕಾಲ. ಹೊಳೆಯಾಚೆ ಒಂದು ರಾಜ್ಯ. ಅದರ ಹೆಬ್ಬಾಗಿಲಲ್ಲಿ ಗುಡಿಸಲಿನಷ್ಟು ದೊಡ್ಡ ಆಮೆ. ಬಂದವರು ಅದರ ಬೆನ್ನು ಮುಟ್ಟಿದರೆ ಅವರ ಮುಖವಿರುವ ಮಣಿ ಅಲ್ಲಿ ಮೂಡುತ್ತಿತ್ತು. ಹೊಸ ಮಣಿ ಮೂಡಿದರೆ ಹೊಸ ನೆಂಟರು, ಅವರಿಗೊಂದು ಹೋಳಿಗೆ. ಆಗಲೇ ಮಣಿಯಿದ್ದರೆ ಹೋಳಿಗೆ ಇಲ್ಲ. ಒಂದು ತಿಂಗಳು ಯಾರೂ ಮುಟ್ಟದ ಮಣಿ ತಾನಾಗಿ ಉದುರುತ್ತಿತ್ತು.

ಅಲ್ಲಿಗೆ ಕರಾಳಜಟ್ಟ ಅನ್ನುವ ಮಾಂತ್ರಿಕ ಬಂದ. "ಮಣಿ ಹೆಚ್ಚಿದಷ್ಟೂ ನಿಮ್ಮ ಕೀರ್ತಿ, ಪ್ರಭು" ಅಂತ ರಾಜನನ್ನು ಒಪ್ಪಿಸಿ, ಒಂದೂ ಉದುರದ ಹಾಗೆ ಅರಗು ಮೆತ್ತಿದ. ಹಾಗೆ ಅಂಟಿ ಉಳಿದ ಮುಖಗಳಿಂದ ದಿನಾ ತೊಟ್ಟು ತೊಟ್ಟು ನಗು ಹೀರಿ ಕೊಬ್ಬಿದ.

ಏಳು ವರ್ಷವಾಯಿತು. ಬಾಗಿಲು ಕಾಯುವ ಕೆಂಚಿ ನೋಡುತ್ತಲೇ ಇದ್ದಳು. ಒಬ್ಬೊಬ್ಬರ ಮುಖ ಆಗಲೇ ಇದೆಯೇ ಅಂತ ಹುಡುಕಲು ಆಮೆಗೆ ಅರ್ಧ ದಿನ ಹಿಡಿಯುತ್ತಿತ್ತು. ಸಾಲು ಹೊಳೆಯವರೆಗೆ ಬೆಳೆಯಿತು.

"ಮಗಳೇ, ಬೆನ್ನು ಬಿರೀತಿದೆ. ಸಂಜೆ ಕಾಣೆನೇನೋ" ಅಂದಿತು ಆಮೆ.

ಕೆಂಚಿಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಆಸ್ಥಾನಕ್ಕೆ ನುಗ್ಗಿದಳು.

"ಏನು ದೊರೆ ಇದು ಅನ್ಯಾಯ! ಏಳು ವರ್ಷದ ಹಿಂದೆ ತಿಂದ ಹೋಳಿಗೆಯ ಲೆಕ್ಕ ಇವತ್ತಿಗೂ ಹಿಡೀತೀರಾ? ಸತ್ತವರ ಮುಖವನ್ನೂ ಆ ಬಡಪ್ರಾಣಿಯೇ ಹೊರಬೇಕಾ?"

ಮಾಂತ್ರಿಕ ಕಿಸಕ್ಕನೆ ನಕ್ಕ. "ಮೂರು ಕೆಲಸ ಮಾಡೇ ಹುಡುಗಿ. ಗೆದ್ದರೆ ಹಳೆ ಮಣಿ ಬಿಟ್ಟುಕೊಡ್ತೀನಿ, ಸೋತರೆ ನೀನೂ ಒಂದು ಮಣಿ."

"ಹೇಳೋ, ಕೊಬ್ಬಿದವನೇ."

"ಮೊದಲನೆಯದು, ಲಕ್ಷ ಮಣಿಯಲ್ಲಿ ಹಳೆಯವು ಯಾವುವು?"

ಕೆಂಚಿ ಎಲ್ಲರನ್ನೂ ಹೆಬ್ಬಾಗಿಲಿಗೆ ಕರೆತಂದು, ಆಮೆಯ ಬೆನ್ನಿಗೆ ಅಂಗೈ ಇಟ್ಟು ಸವರಿದಳು. ಈ ತಿಂಗಳು ಮುಟ್ಟಿದವು ಬೆಚ್ಚಗಿದ್ದವು, ಹಳೆಯವು ತಣ್ಣಗಿದ್ದವು. ತಣ್ಣಗಿದ್ದವಕ್ಕೆಲ್ಲ ಅರಿಸಿನ ಹಚ್ಚಿದಳು.

"ಎರಡನೆಯದು, ರಕ್ತ ಬಾರದ ಹಾಗೆ ಅವನ್ನು ಬಿಡಿಸು" ಅಂದ ಮಾಂತ್ರಿಕ.

ಭಟನೊಬ್ಬ ಇಕ್ಕಳ ತಂದ. "ನಿನ್ನ ಹಲ್ಲು ಕಿತ್ತುಕೋ ಅದರಲ್ಲಿ!" ಅಂತ ಕೆಂಚಿ ಅದನ್ನು ಎಸೆದಳು. ಹರಳೆಣ್ಣೆ ಬಿಸಿಮಾಡಿ, ಕೂಸಿಗೆ ತಿಕ್ಕುವ ಹಾಗೆ ತಿಕ್ಕಿದಳು. ಅರಗು ಮೆತ್ತಗಾಯಿತು.

"ತಡಿ! ಮೂರನೆಯದು, ಮುಖಗಳೇ ಹೋದರೆ ಎಷ್ಟು ಜನ ಬಂದಿದ್ದರು ಅಂತ ಹೇಗೆ ಹೇಳ್ತೀಯ?"

ಕೆಂಚಿ ಬಾಗಿಲ ಕಲ್ಲು ತೋರಿಸಿದಳು. ಪ್ರತಿ ಹುಣ್ಣಿಮೆಗೂ ಆ ತಿಂಗಳ ನೆಂಟರ ಸಂಖ್ಯೆಯನ್ನು ಅಲ್ಲಿ ಕೆತ್ತಿಟ್ಟಿದ್ದಳು. ಎಂಬತ್ನಾಲ್ಕು ಸಾಲು. "ಲೆಕ್ಕಕ್ಕೆ ಅಂಕಿ ಸಾಕು ಕಣೋ. ಮುಖ ಬೇಕಾಗಿದ್ದು ನಿನ್ನ ಹೊಟ್ಟೆಗೆ!"

ಅಷ್ಟನ್ನುತ್ತಲೇ ಹಳೆ ಮಣಿಗಳು ಜಲಜಲ ಉದುರಿದವು. ಹೀರಿದ ನಗುವೆಲ್ಲ ಮನೆಮನೆಗೆ ಮರಳಿತು. ಕರಾಳಜಟ್ಟ ಕುಗ್ಗಿ ಕುಗ್ಗಿ ಸಾಸಿವೆ ಕಾಳಿನಷ್ಟಾದ. ಇರುವೆಯೊಂದು ಎತ್ತಿಕೊಂಡು ಹೋಯಿತು.

ರಾಜ ತಲೆತಗ್ಗಿಸಿ, "ತಪ್ಪಾಯ್ತು ತಾಯೀ" ಅಂದ.

"ನನಗಲ್ಲ, ಆಮೆಗೆ ಹೇಳಿ" ಅಂದಳು ಕೆಂಚಿ.

ರಾಜ ಹಾಗೇ ಮಾಡಿದ. ಆಮೆ ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಹಗುರಾದ ಬೆನ್ನು ಹೊತ್ತು ಹೊಳೆಗೆ ಈಜಲು ಹೊರಟಿತ್ತು. ಊರವರೆಲ್ಲ ನಗುತ್ತಾ ಅದರ ಹಿಂದೆ ನೀರಿಗಿಳಿದರು. ಆಮೇಲೆ ಅವರು ಬಾಳಿದಷ್ಟು ಕಾಲವೂ ಸುಖವಾಗಿಯೇ ಬಾಳಿದರು.