ಗೇಟಿನ ಹಿಂದಿನ ಗೋಡೆ

ಕಾರಿನ ಕೆಳಗೆ ಮಲಗಿ ಉಸಿರು ಬಿಗಿಹಿಡಿದಿದ್ದೆ. ಮೂಗಿನ ಮುಂದೆ ಎರಡು ಬೂಟು.

ಗೂಳಿಯ ಬೂಟು...

ಗೂಳಿ ಅಂದರೆ ಬಿಲ್ಡರನ ಬಲಗೈ. ನಾನು? ನಗರಪಾಲಿಕೆಯ ವಸತಿ ವಿಭಾಗದ ತನಿಖಾಧಿಕಾರಿ. ನನ್ನ ಆಯುಧ ಒಂದು ಛತ್ರಿ. ಅದನ್ನೂ ರೈಲಿನಲ್ಲಿ ಮರೆತು ಬಂದಿದ್ದೆ.

ವಿಷಯ ಇಷ್ಟೇ, ಕೇಳಿ. ಬಡವರಿಗೆ ಬಾಡಿಗೆ ಮನೆ ಕಟ್ಟುವವರಿಗೆ ಪಾಲಿಕೆ ಹಣ ಕೊಡುತ್ತದೆ. ಷರತ್ತು ಒಂದೇ. ಬಾಗಿಲಿನಿಂದ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರವಿರಬೇಕು. ಈ ಕಟ್ಟಡದ ಹಿಂದೆ ಒಂದು ತಗಡಿನ ಗೇಟು. ಆಚೆ ಒಂದು ತೋಟ. ತೋಟ ದಾಟಿದರೆ ಸ್ಟೇಷನ್. ನಕ್ಷೆಯಲ್ಲಿ ಬಲು ಚೆಂದ.

ನಾನು ರೈಲಿನಲ್ಲಿ ಬಂದಿದ್ದೆ. ತೋಟದ ಕಡೆಯಿಂದ ನೋಡಿದರೆ ಗೇಟೇ ಇಲ್ಲ. ಹಸಿ ಸಿಮೆಂಟಿನ ಗೋಡೆ! ತೋಟದಲ್ಲಿ ಇದೇ ಬಿಲ್ಡರನ ಇನ್ನೊಂದು ಕಟ್ಟಡ, ಶ್ರೀಮಂತರದು. ಅವರಿಗೆ ಬಡವರ ಚಪ್ಪಲಿ ಸದ್ದು ಬೇಡವಂತೆ.

ಬಾಡಿಗೆ ಮನೆಗಳಲ್ಲಿ ಒಂದು ನನ್ನ ಅಕ್ಕನಿಗೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ. ಮೊದಲ ರೈಲು ತಪ್ಪಿದರೆ ಕೆಲಸವೂ ತಪ್ಪಿತು. ಗೇಟಿಲ್ಲದಿದ್ದರೆ ರೈಲ್ವೆ ಯಾರ್ಡು ಸುತ್ತಬೇಕು. ಅವಳ ಸೊಂಟ ಒಪ್ಪಬೇಕಲ್ಲ.

ಹಣ ಮಂಜೂರು ಮಾಡುವ ಮುಂಚೆ ಕಟ್ಟಡ ನೋಡಲು ಬಂದ ಪಾಲಿಕೆ ಸಮಿತಿಯ ಅಧ್ಯಕ್ಷೆಗೆ ಹೇಳಬಾರದಿತ್ತೇ ಅಂತೀರಿ. ಹೇಳಿದೆ.

"ಗೇಟು ಕಾಣ್ತಾ ಇದೆಯಲ್ರೀ," ಎಂದರು ಅಧ್ಯಕ್ಷೆ, ಕಾರಿನಿಂದ ಇಳಿಯುತ್ತಾ.

"ಹಿಂದೆ ಗೋಡೆ ಇದೆ ಮೇಡಂ."

"ಹೋದ ಸಲ ಕಳ್ಳರ ಸುರಂಗ ಅಂದಿದ್ರಿ. ಚರಂಡಿ ಆಗಿತ್ತು."



"ಬೀಗದ ಕೈ ವಾಚ್‌ಮನ್ ಹತ್ರ ಇದೆ ಮೇಡಂ, ಅವ್ನು ರಜೆ," ಬಿಲ್ಡರ್ ಕೈಮುಗಿದ. "ಬನ್ನಿ, ಮೊದ್ಲು ಮನೆ ನೋಡಿ."

ಸಮಿತಿಯವರು ಯಾವತ್ತೂ ಹೀಗೇ. ಕಾರಿನಲ್ಲಿ ಬರುತ್ತಾರೆ, ಕಾರಿನಲ್ಲಿ ಹೋಗುತ್ತಾರೆ. ನಡೆಯುವ ದಾರಿಯನ್ನು ಕಿಟಕಿಯಿಂದ ಅಳೆಯುತ್ತಾರೆ.

ಅವರು ಮಹಡಿ ಹತ್ತಿದರು. ಗೂಳಿ ನನ್ನತ್ತ ತಿರುಗಿದ. ನಾನು ಓಡಿದೆ. ಓಡಿದೆ ಎನ್ನುವುದು ದೊಡ್ಡ ಮಾತು... ಕಟ್ಟಡಕ್ಕೆ ಒಂದು ಪ್ರದಕ್ಷಿಣೆ ಹಾಕಿದೆ. ಎರಡನೆಯದಕ್ಕೆ ಶಕ್ತಿ ಸಾಲದೆ ಅಧ್ಯಕ್ಷೆಯ ಕಾರಿನ ಕೆಳಗೆ ನುಸುಳಿದೆ.

ಅಲ್ಲಿ ಭಗವಂತ ಬುದ್ಧಿ ಕೊಟ್ಟ. ಪಕ್ಕದಲ್ಲೇ ಟೈರು. ಕೈ ಚಾಚಿ ಗಾಳಿ ಬಿಟ್ಟೆ. ಅದೇ ಬದಿಯ ಇನ್ನೊಂದರದ್ದೂ.

ಉಸ್ಸ್...

ಗಾಳಿ ಇಳಿಯಿತು. ಕಾರೂ ಇಳಿಯಿತು. ನನ್ನ ಹೊಟ್ಟೆಯ ಮೇಲೆ.

ಬುದ್ಧಿ ಕೊಡುವಾಗ ಭಗವಂತ ಅರ್ಧ ತನ್ನಲ್ಲೇ ಉಳಿಸಿಕೊಂಡಿದ್ದ. ಅಯ್ಯೋ ಎಂದೆ. ಗೂಳಿ ಬಗ್ಗಿದ, ಕಾಲು ಹಿಡಿದು ದರದರ ಎಳೆದ. ಜೀವ ಉಳಿಯಿತು. ಇವತ್ತಿಗೂ ದೇವರಿಗೆ ಕೈಮುಗಿಯುವಾಗ ಅವನನ್ನೂ ನೆನೆಯುತ್ತೇನೆ.

"ಬಾಯಿ ಬಿಟ್ರೆ ಆ ಗೋಡೆಯೊಳಗೇ ಹಾಕಿ ಪ್ಲಾಸ್ಟರ್ ಮಾಡಿಸ್ತೀನಿ."

"ಗೋಡೆ ಅಗಲ ಮಾಡಿಸ್ಬೇಕಾಗುತ್ತೆ ಕಣಪ್ಪಾ. ನನ್ನ ಹೊಟ್ಟೆ ನೋಡು."

ಅಷ್ಟರಲ್ಲಿ ಅಧ್ಯಕ್ಷೆ ಇಳಿದು ಬಂದರು. ಗೂಳಿ ಕೈ ಬಿಟ್ಟ. ಕಾರು ಒಂದು ಕಡೆಗೆ ವಾಲಿತ್ತು.

"ಮೇಯರ್ ಕಾಯ್ತಿದ್ದಾರೆ. ಈಗೇನ್ರೀ ಮಾಡೋದು?"

"ರೈಲಿದೆಯಲ್ಲ ಮೇಡಂ," ಎಂದೆ. "ಗೇಟು ದಾಟಿದ್ರೆ ಸ್ಟೇಷನ್. ಅಲ್ವಾ ಸರ್?"

ಬಿಲ್ಡರ್ ಬೆವರಿದ. "ನನ್ನ ಕಾರಲ್ಲಿ ಬಿಡ್ತೀನಿ ಮೇಡಂ..."

"ನಿಮ್ಮ ಕಾರಲ್ಲಿ ಕೂತ್ರೆ ನಾಳೆ ಪೇಪರಲ್ಲಿ ಬರ್ತೀನಿ. ಬೀಗ ಒಡೀರಿ."

ಗೂಳಿಯೇ ಒಡೆಯಬೇಕಾಯಿತು. ಗೇಟು ತೆರೆಯಿತು.

ಗೋಡೆ.

ಅಧ್ಯಕ್ಷೆ ಬೆರಳಿಟ್ಟರು. ಸಿಮೆಂಟು ಅಂಟಿತು. ಹೀಲ್ಸ್ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಯಾರ್ಡಿನ ದಾರಿ ಹಿಡಿದರು. ನಾನು ಕುಂಟುತ್ತಾ ಹಿಂದೆ.

"ಇಲ್ಲಿರೋರು ದಿನಾ ಹೀಗೇ ಸುತ್ಬೇಕೇನ್ರೀ?"

"ನಮ್ಮಕ್ಕನೂ ಮೇಡಂ. ಬೆಳಕು ಹರಿಯೋ ಮುಂಚೆ."

ಸ್ಟೇಷನ್ ಮುಟ್ಟಿದಾಗ ರೈಲಿನ ಬಾಲ ಕಂಡಿತು. ಅಧ್ಯಕ್ಷೆ ಅಲ್ಲೇ ಫೋನ್ ತೆಗೆದರು. ಗೋಡೆ ಬೀಳುವವರೆಗೆ ಬಿಲ್ಡರನಿಗೆ ಪಾಲಿಕೆಯ ಹಣವಿಲ್ಲ.

ಗೋಡೆ ಬೇಗನೆ ಬಿತ್ತು. ಅಕ್ಕ ಈಗ ಶ್ರೀಮಂತರ ತೋಟದ ನಡುವೆ, ಬೇಕೆಂದೇ ಚಪ್ಪಲಿ ಸದ್ದು ಮಾಡಿಕೊಂಡು ಹೋಗುತ್ತಾಳೆ.

ಕಾರಿನ ಕೆಳಗೆ ನುಸುಳಿ ಗಾಳಿ ಬಿಟ್ಟವನು ನಾನೇ ಎಂದು ಗೂಳಿ ದೂರು ಕೊಟ್ಟನಂತೆ. ನನ್ನ ಹೊಟ್ಟೆ ಕಂಡವರು ಯಾರೂ ನಂಬಲಿಲ್ಲ. ಟೈರಿನ ಗಾಳಿ ತೆಗೆದವನನ್ನು ಹಿಡಿಯುವ ಕೆಲಸವನ್ನು ಪಾಲಿಕೆ ನನಗೇ ಒಪ್ಪಿಸಿದೆ.

ಆರೋಪಿ ಮಹಾ ಚುರುಕು, ಬಲು ತೆಳ್ಳಗಿನ ಆಳು ಎಂದು ವರದಿ ಕೊಟ್ಟಿದ್ದೇನೆ.