ಹಿಂಬಾಯಿಯ ಕೋವಿ

"ಟೀಚ್ರಮ್ಮಾ, ನನ್ನ ಗಂಡನ್ನ ಬಿಡಿಸಿಕೊಡಿ. ಅವ್ರು ಆ ಕೋವಿ ಮುಟ್ಟಿದೋರೇ ಅಲ್ಲ," ಎನ್ನುತ್ತಾ ಮಾಸ್ತಮ್ಮ ಬಾಗಿಲಲ್ಲೇ ಕುಸಿದು ಕೂತಾಗ ಒಳಗೆ ದಫೇದಾರ್ ಬೆಳ್ಳಪ್ಪ ಕಾಫಿ ಲೋಟ ಕೆಳಗಿಟ್ಟ. ಅವಳ ಗಂಡ, ಕಮ್ಮಾರ ಗಿರಿಯಪ್ಪನನ್ನು ಹಿಂದಿನ ದಿನ ಲಾಕಪ್ಪಿಗೆ ಹಾಕಿದವನು ಅವನೇ. ತೀರ್ಥಹಳ್ಳಿಯಲ್ಲಿ ಏನು ಕಗ್ಗಂಟಾದರೂ ಜನ ಹೀಗೆ ವಾಗ್ದೇವಿ ಟೀಚರ ಮನೆಗೆ ಓಡಿಬರುವುದು ಅವನಿಗೆ ಹೊಟ್ಟೆಯುರಿ. ಆದರೂ ಭಾನುವಾರದ ಕಾಫಿಗೆ ತಪ್ಪದೆ ಹಾಜರಾಗುತ್ತಿದ್ದ.

ಇದರಲ್ಲಿ ಪತ್ತೆ ಮಾಡುವಂಥದ್ದು ಏನೂ ಇಲ್ಲವೆಂದು ಗೊಣಗುತ್ತಲೇ ಅವನು ಸಂಗತಿ ಹೇಳಿದ. ಕವಲೇದುರ್ಗದ ಕೆಳಗಿನ ಊರಿನ ನಾರಾಯಣಮೂರ್ತಿಗಳ ಗೋಡೆಯ ಮೇಲೆ ನೂರು ವರ್ಷದ ಕೇಪಿನ ಕೋವಿಯೊಂದಿತ್ತು. ಬೇರೆ ಕೇಪಿನ ಕೋವಿಗಳಿಗೆ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಕೋಲಿನಿಂದ ಜಡಿಯಬೇಕು. ಇದಕ್ಕೋ ಹಿಂಬದಿಯಲ್ಲೊಂದು ಮುಚ್ಚಳ. ಅಲ್ಲೇ ಮದ್ದು, ಗುಂಡು ಇಟ್ಟು ಮುಚ್ಚಿದರಾಯಿತು. ಅದನ್ನು ಕಂಡುಹಿಡಿದವರು ತಮ್ಮ ಅಜ್ಜ ಎಂದು ಮೂರ್ತಿಗಳು, ತನ್ನ ಅಜ್ಜ ಕನ್ನಪ್ಪ ಎಂದು ಗಿರಿಯಪ್ಪ. ಸೋಮವಾರ ಮೈಸೂರಿನಿಂದ ಮ್ಯೂಸಿಯಂ ಸಾಹೇಬರು ಬಂದು ಕಂಡುಹಿಡಿದವರ ಹೆಸರು ಬರೆದುಕೊಳ್ಳುವವರಿದ್ದರು.

ಶನಿವಾರ ತಮ್ಮೊಬ್ಬರನ್ನು ಬಿಟ್ಟು ಮನೆಮಂದಿಯೆಲ್ಲ ಸಾಗರಕ್ಕೆ ಮದುವೆಗೆ ಹೋಗಿದ್ದಾಗ ಗಿರಿಯಪ್ಪ ಬಂದು ಜಗಳ ತೆಗೆದ, ಕೋವಿ ಇಳಿಸಿ ಮುಚ್ಚಳ ತೆಗೆದು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿ ಹೊಡೆದ, ಗುಂಡು ಎಡತೋಳು ಸವರಿ ಹೋಯಿತು ಎಂಬುದು ಮೂರ್ತಿಗಳ ಹೇಳಿಕೆ. ಜಗಳವಾಡಿದ್ದು ನಿಜ, ಈಡಿನ ಸದ್ದು ಕೇಳುವಾಗ ತಾನು ಹಳ್ಳ ದಾಟಿಯಾಗಿತ್ತು ಎಂಬುದು ಗಿರಿಯಪ್ಪನದು. ಅಲ್ಲಿ ಬಿದ್ದಿದ್ದ ಕೋವಿಯನ್ನು ಬೆಳ್ಳಪ್ಪ ಹಾಗೇ ಠಾಣೆಗೆ ತಂದು ಬೀಗ ಹಾಕಿಟ್ಟಿದ್ದ.

ಟೀಚರು ಠಾಣೆಗೆ ಬಂದು ತಲೆಪಿನ್ನಿನಿಂದ ನಳಿಗೆಯ ಬಾಯಿ ಕೆದಕಿದರು. ಸುಟ್ಟ ತೆಂಗಿನ ನಾರಿನ ಎರಡೆಳೆ ಬಂತು. ಆಮೇಲೆ ಹಿಂದಿನ ಮುಚ್ಚಳದ ಸಂದನ್ನು ಬಹಳ ಹೊತ್ತು ನೋಡಿದರು. ಸಂದಿನ ತುಂಬ ತುಕ್ಕು ಗಟ್ಟಿಯಾಗಿ ಕೂತಿತ್ತು. ನಾಳೆ ಗಿರಿಯಪ್ಪನನ್ನೂ ಕೋವಿಯನ್ನೂ ಮೂರ್ತಿಗಳ ಮನೆಗೆ ಕರೆತರಬೇಕೆಂದಷ್ಟೇ ಹೇಳಿದರು. ಬೆಳ್ಳಪ್ಪನಿಗೆ ಸಿಟ್ಟು ನೆತ್ತಿಗೇರಿತು, ಆದರೆ ಇಲ್ಲ ಎನ್ನಲಾಗಲಿಲ್ಲ.

ಸೋಮವಾರ ಜಗಲಿಯಲ್ಲಿ ಎಲ್ಲರೂ ಸೇರಿದ್ದರು. "ಮೂರ್ತಿಗಳೇ, ನಿಮ್ಮಜ್ಜನ ಕೈಚಳಕ ಸಾಹೇಬ್ರಿಗೆ ತೋರಿಸಿ. ಆ ಮುಚ್ಚಳ ತೆಗೀರಿ," ಎಂದರು ಟೀಚರು. ಮೂರ್ತಿಗಳು ಬಲಗೈಯಿಂದ ಅಲ್ಲಿ ಒತ್ತಿದರು, ಇಲ್ಲಿ ಎಳೆದರು, ತೋಳು ನೋಯುತ್ತದೆ ಎಂದರು. ಬೇಡಿ ಬಿಚ್ಚಿಸಿಕೊಂಡ ಗಿರಿಯಪ್ಪ ಒಂದು ತೊಟ್ಟು ಎಣ್ಣೆ ಕೇಳಿ ಸಂದಿಗೆ ಬಿಟ್ಟ. ಅಪ್ಪ ಇಂಥದ್ದೇ ಮುಚ್ಚಳವನ್ನು ಮರದಲ್ಲಿ ಮಾಡಿ ತೋರಿಸಿದ್ದ ಎನ್ನುತ್ತಾ, ಅದರಡಿಯಲ್ಲಿ ಅಲಂಕಾರದಂತಿದ್ದ ಹಿತ್ತಾಳೆ ಹೂವನ್ನು ಹೆಬ್ಬೆರಳಿನಿಂದ ತಿರುಗಿಸಿ ಒತ್ತಿದ. ತುಕ್ಕು ಉದುರಿ ಮುಚ್ಚಳ ಮೇಲೆದ್ದಿತು.

ಟೀಚರು ಆಗ ಎಲ್ಲವನ್ನೂ ಬಿಡಿಸಿ ಹೇಳಿದರು. ಶನಿವಾರ ಮುಚ್ಚಳ ತೆಗೆದಿದ್ದರೆ ತುಕ್ಕು ಅಂದೇ ಉದುರಬೇಕಿತ್ತು. ಹಿಂದಿನಿಂದ ತುಂಬುವವನಿಗೆ ನಾರು ಬೇಕಿಲ್ಲ. ಅಂದರೆ ತುಂಬಿದ್ದು ಬೇರೆ ಕೋವಿಗಳ ಹಾಗೆ ಬಾಯಿಂದ. ಹಾಗೆ ಜಡಿದು ತುಂಬಲು ಎಲೆಯಡಿಕೆ ಹಾಕಿ ಉಗಿಯುವಷ್ಟು ಹೊತ್ತು ಬೇಕು, ಅಷ್ಟು ಹೊತ್ತು ಎದುರಿಗಿದ್ದವರು ಯಾರೂ ಗುಂಡಿಗಾಗಿ ಕಾದು ಕೂರುವುದಿಲ್ಲ. ಮುಚ್ಚಳ ತೆಗೆಯಲು ಗಿರಿಯಪ್ಪನಿಗೆ ಗೊತ್ತಿತ್ತು. ಗೊತ್ತಿಲ್ಲದವರು ಅಂದು ಮನೆಯಲ್ಲಿ ಒಬ್ಬರೇ ಇದ್ದರು. ಗಿರಿಯಪ್ಪ ಸಾಹೇಬರ ಮುಂದೆ ಬಾಯಿಬಿಡದೆ ಲಾಕಪ್ಪಿನಲ್ಲಿರಲೆಂದು ಮೂರ್ತಿಗಳು ತಮ್ಮ ತೋಳಿಗೆ ತಾವೇ ಗುಂಡು ಸವರಿಸಿಕೊಂಡಿದ್ದರು.

ಸಾಹೇಬರು ಪುಸ್ತಕದಲ್ಲಿ ಕನ್ನಪ್ಪ ಎಂದು ಬರೆದುಕೊಂಡರು. ಮಾಸ್ತಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ತಪ್ಪು ತನ್ನದೂ ಹೌದೆಂದು ಬೆಳ್ಳಪ್ಪನಿಗೆ ನಾಚಿಕೆಯಾಯಿತು. ಠಾಣೆಗೆ ಹೊರಡೋಣವೆಂದು ಅವನು ಮೂರ್ತಿಗಳನ್ನು ಕರೆದ. ಅವರು ಏಳದೆ ಕೋವಿಯನ್ನೇ ನೋಡುತ್ತಾ, "ಹ್ಯಾಗೆ ತೆಗೆದೆ ಗಿರಿಯಪ್ಪ? ಇನ್ನೊಂದ್ಸಲ ತೋರಿಸ್ತೀಯಾ?" ಎಂದರು.

ಗಿರಿಯಪ್ಪ ಅವರ ಹೆಬ್ಬೆರಳನ್ನು ಹಿಡಿದು ಹಿತ್ತಾಳೆ ಹೂವಿನ ಮೇಲಿಟ್ಟ.

"ಮೂರು ತಲೆಮಾರಿಂದ ಗೋಡೆಗೆ ನೇತು ಹಾಕ್ಕೊಂಡಿದ್ರಿ ಅಯ್ಯಾ. ಕೇಳಿದ್ರೆ ಯಾವತ್ತೋ ತೋರಿಸ್ತಿದ್ವಿ. ಒಬ್ರೂ ಕೇಳ್ಲಿಲ್ಲ."